ಓಣಿಯ ಚರಂಡಿಯನ್ನು ಪಾಲಿಕೆಯ ಬಜೆಟ್‌ವರೆಗೆ ಮುಟ್ಟಿಸುವುದು ಹೇಗೆ?

‘ನಮ್ಮ ಓಣಿಯ ಚರಂಡಿ ತುಂಬಿದೆ, ದಯವಿಟ್ಟು ಸ್ವಚ್ಛಗೊಳಿಸಿ’ ಎಂದಷ್ಟೇ ಬರೆದು ಬಳ್ಳಾರಿ ಮಹಾನಗರ ಪಾಲಿಕೆಗೆ ಕೊಟ್ಟ ಅರ್ಜಿಯ ಗತಿ ಸಾಮಾನ್ಯವಾಗಿ ಇಷ್ಟೇ. ಇಬ್ಬರು ಪೌರಕಾರ್ಮಿಕರು ಬಂದು ಮೇಲಿನ ಹೂಳು ಎತ್ತಿ ದಂಡೆಗೆ ಹಾಕುತ್ತಾರೆ. ಅರ್ಜಿ ‘ವಿಲೇವಾರಿ’ ಆಗುತ್ತದೆ. ಮುಂದಿನ ಮಳೆಗೆ ಅದೇ ಹೂಳು ಮತ್ತೆ ಒಳಕ್ಕೆ ಇಳಿಯುತ್ತದೆ. ತಪ್ಪು ಪೌರಕಾರ್ಮಿಕರದಲ್ಲ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಹೂಳು, ಯಾವ ಕಾರಣಕ್ಕೆ ಎಂಬುದು ಅರ್ಜಿಯಲ್ಲಿ ಇರಲೇ ಇಲ್ಲ. ಅಳತೆ ಇಲ್ಲದ ದೂರಿಗೆ ಅಂದಾಜುಪಟ್ಟಿ (ಖರ್ಚಿನ ಎಸ್ಟಿಮೇಟ್) ಆಗುವುದಿಲ್ಲ, ಅಂದಾಜುಪಟ್ಟಿ ಇಲ್ಲದ ಕೆಲಸಕ್ಕೆ ಹಣ ಬರುವುದಿಲ್ಲ.

ಕರಾವಳಿಯ ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಅಲ್ಲಿನ 60 ವಾರ್ಡ್‌ಗಳ ಪಾಲಿಕೆಯಲ್ಲಿ ವಾರ್ಡ್ ಸಮಿತಿಗಳು, ಅಂದರೆ ಕಾರ್ಪೊರೇಟರ್ ಜತೆ ನಿವಾಸಿಗಳೂ ಕೂರುವ ಸಮಿತಿಗಳು, ಬಂದವು. ಅದೇ ಕಾಯ್ದೆ, ಅಂದರೆ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ 1976, 39 ವಾರ್ಡ್‌ಗಳ ನಮ್ಮ ಬಳ್ಳಾರಿಗೂ ಅನ್ವಯಿಸುತ್ತದೆ. ಆದರೆ ಕರಾವಳಿಯ ಹೂಳೆತ್ತುವ ವೇಳಾಪಟ್ಟಿಯನ್ನು ಇಲ್ಲಿಗೆ ಹಾಗೇ ತರಬಾರದು. ಅಲ್ಲಿ ಜೂನ್‌ನಲ್ಲಿ ಜೋರು ಮಳೆ ಶುರುವಾಗುವುದರಿಂದ ಮೇ ತಿಂಗಳೊಳಗೆ ಹೂಳು ಎತ್ತಬೇಕು. ಬಳ್ಳಾರಿಗೆ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಇಲ್ಲಿ ಮೇನಲ್ಲಿ ಒಮ್ಮೆ ತೆಗೆದು ಬಿಟ್ಟರೆ ಆಗಸ್ಟ್ ಹೊತ್ತಿಗೆ ಗಾಳಿಯ ಮಣ್ಣು, ಮನೆ ಕಟ್ಟುವವರ ಮರಳು, ಪ್ಲಾಸ್ಟಿಕ್ ಸೇರಿ ಮತ್ತೆ ತುಂಬಿರುತ್ತದೆ. ತೊಳೆದುಕೊಂಡು ಹೋಗುವಷ್ಟು ಮಳೆನೀರು ನಮ್ಮ ಚರಂಡಿಗಳಿಗೆ ವರ್ಷದ ಬಹುಪಾಲು ಸಿಗುವುದೇ ಇಲ್ಲ. ಹಾಗಾಗಿ ಆಗಸ್ಟ್ ಕೊನೆಯ ವಾರದೊಳಗೆ ಎರಡನೇ ಸುತ್ತು ಬೇಕೆಂದು ಅರ್ಜಿಯಲ್ಲೇ ಕೇಳಿ.

ಮೊದಲು ಅಳತೆ

ಬೇಕಾದದ್ದು 30 ಮೀಟರಿನ ಟೇಪು, ಐದಡಿ ಕಟ್ಟಿಗೆ ಅಥವಾ ಕಬ್ಬಿಣದ ಸರಳು, ಗಾರೆ ಕೆಲಸದವರ ಹತ್ತಿರ ಇರುವ ಪಾರದರ್ಶಕ ಲೆವೆಲ್ ಪೈಪು, ಸೀಮೆಸುಣ್ಣ, ಫೋಟೋ ತೆಗೆಯಲು ಮೊಬೈಲ್. ಮೂರು ಜನ ಸಾಕು. ಬೆಳಿಗ್ಗೆ ಏಳರೊಳಗೆ ಶುರು ಮಾಡಿ. ಬಿಸಿಲು ತಪ್ಪುವುದಷ್ಟೇ ಅಲ್ಲ, ಮನೆಗಳು ನೀರು ಬಿಡುವ ಹೊತ್ತಿನಲ್ಲಿ ಹರಿವು ಎಲ್ಲಿ ನಿಲ್ಲುತ್ತದೆ ಎನ್ನುವುದು ಕಣ್ಣಿಗೆ ಕಾಣುತ್ತದೆ.

ಪ್ರತಿ 10 ಮೀಟರಿಗೆ ಸುಣ್ಣದ ಗುರುತು ಹಾಕಿ. ಪ್ರತಿ ಗುರುತಿನಲ್ಲಿ ಚರಂಡಿಯ ಅಗಲ ಬರೆದುಕೊಳ್ಳಿ. ಸರಳನ್ನು ತಳಕ್ಕೆ ತಾಗುವವರೆಗೆ ಒತ್ತಿ ಒಟ್ಟು ಆಳ, ಹೂಳಿನ ಎತ್ತರ ಎರಡನ್ನೂ ಬರೆಯಿರಿ. 60 ಮೀಟರ್ ಉದ್ದ, 0.6 ಮೀಟರ್ ಅಗಲದ ಚರಂಡಿಯಲ್ಲಿ ಸರಾಸರಿ 0.25 ಮೀಟರ್ ಹೂಳು ಇದ್ದರೆ ಒಟ್ಟು 9 ಘನ ಮೀಟರ್ ಆಯಿತು. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಸುಮಾರು 3 ಘನ ಮೀಟರ್ ಹಿಡಿಯುತ್ತದೆ ಎಂದುಕೊಂಡರೆ ಮೂರು ಟ್ರಿಪ್. ‘ತೆಗೆದ ಹೂಳನ್ನು ಅದೇ ದಿನ ಸಾಗಿಸಲು ಮೂರು ಟ್ರಿಪ್ ಟ್ರ್ಯಾಕ್ಟರ್ ಬೇಕು’ ಎಂಬ ಒಂದು ಸಾಲು ಅರ್ಜಿಯಲ್ಲಿದ್ದರೆ ಹೂಳು ದಂಡೆಯ ಮೇಲೆ ಉಳಿಯುವ ಸಂಭವ ಬಹಳ ಕಡಿಮೆ.

ಇನ್ನು ಇಳಿಜಾರು. ಬಹಳ ಜನ ಇದನ್ನು ನೋಡುವುದೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದ ಜೀವಾಳವೇ ಇದು. ಲೆವೆಲ್ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ. ಒಂದು ತುದಿಯನ್ನು ಮೇಲಿನ ಗುರುತಿನಲ್ಲಿ, ಇನ್ನೊಂದನ್ನು 10 ಮೀಟರ್ ಕೆಳಗಿನ ಗುರುತಿನಲ್ಲಿ ಹಿಡಿಯಿರಿ. ಎರಡೂ ಕಡೆ ಪೈಪಿನ ನೀರಿನ ಮಟ್ಟದಿಂದ ಚರಂಡಿಯ ತಳದವರೆಗೆ ಟೇಪು ಬಿಟ್ಟು ಅಳೆಯಿರಿ. ಟೇಪು ಹೂಳಿನ ಮೇಲೆ ನಿಲ್ಲಬಾರದು, ಅಸಲು ತಳ ಮುಟ್ಟಬೇಕು. 200ಕ್ಕೆ 1ರ ಇಳಿಜಾರು ಇದ್ದರೆ ಕೆಳಗಿನ ಅಳತೆ 5 ಸೆಂಟಿಮೀಟರ್ ಹೆಚ್ಚು ಬರುತ್ತದೆ. ಎರಡೂ ಸಮ ಬಂದರೆ ಇಳಿಜಾರೇ ಇಲ್ಲ, ಕೆಳಗಿನದೇ ಕಡಿಮೆ ಬಂದರೆ ತಳ ಉಲ್ಟಾ ಇದೆ ಎಂದರ್ಥ. ಅಂಥ ಚರಂಡಿಯನ್ನು ತಿಂಗಳಿಗೊಮ್ಮೆ ಬಳಿದರೂ ನೀರು ನಿಂತೇ ನಿಲ್ಲುತ್ತದೆ. ಅದಕ್ಕೆ ಮರುನಿರ್ಮಾಣವೇ ಮದ್ದು.

ಕಾರಣ ಯಾವುದು, ಶಾಖೆ ಯಾವುದು

ಹೂಳು ಮಾತ್ರ ಕಾರಣವಾಗಿದ್ದರೆ ಅರ್ಜಿ ಆರೋಗ್ಯ ಶಾಖೆಗೆ, ಅಂದರೆ ಆರೋಗ್ಯ ನಿರೀಕ್ಷಕರು ಮತ್ತು ಪರಿಸರ ಎಂಜಿನಿಯರ್ ಇರುವ ಕಡೆಗೆ. ತಳ ಉಲ್ಟಾ ಇದ್ದರೆ ಅಥವಾ ರಸ್ತೆ ದಾಟುವ ಮೋರಿಯೇ ಎತ್ತರದಲ್ಲಿದ್ದರೆ ಎಂಜಿನಿಯರಿಂಗ್ ಶಾಖೆಗೆ. ಮನೆ ಮುಂದಿನ ಮೆಟ್ಟಿಲು, ಗಾಡಿ ಹತ್ತಿಸುವ ಇಳಿಜಾರು ಚರಂಡಿಯನ್ನು ಮುಚ್ಚಿದ್ದರೆ ತೆರವಿನ ನೋಟಿಸ್ ಬೇಕು. ಇದಕ್ಕೆ ಮೊದಲು ಆ ಮನೆಯವರ ಜತೆ ಕುಳಿತು ಮಾತಾಡಿ. ಮುಚ್ಚಿದ ಕಾಂಕ್ರೀಟಿನ ಬದಲು ಎತ್ತಿ ಇಡಬಹುದಾದ ಚಪ್ಪಡಿ ಹಾಕಲು ಒಪ್ಪಿದರೆ ಜಗಳವೂ ಇಲ್ಲ, ನೋಟಿಸೂ ಬೇಡ.

ಕುಡಿಯುವ ನೀರಿನ ಪೈಪು ಚರಂಡಿಯೊಳಗಿಂದ ಹಾದುಹೋಗಿದ್ದರೆ ಉಳಿದದ್ದನ್ನೆಲ್ಲ ಬದಿಗಿಟ್ಟು ಅದನ್ನು ಮೊದಲು ಬರೆಯಿರಿ. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ಸರಬರಾಜು ನಿಂತಾಗ ಪೈಪಿನಲ್ಲಿ ಒತ್ತಡ ಇಳಿದು, ಸಣ್ಣ ಬಿರುಕಿನಿಂದಲೂ ಹೊರಗಿನ ಕೊಳೆನೀರು ಒಳಕ್ಕೆ ಎಳೆದುಕೊಳ್ಳುತ್ತದೆ. 2022ರಲ್ಲಿ ಪಕ್ಕದ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಅಂಥ ಪೈಪಿನ ಫೋಟೋ, ಹತ್ತಿರದ ಮನೆ ಸಂಖ್ಯೆ ಸಮೇತ ನೀರು ಸರಬರಾಜು ವಿಭಾಗಕ್ಕೆ ಪ್ರತ್ಯೇಕ ಅರ್ಜಿ ಕೊಡಿ. ಚರಂಡಿ ಅರ್ಜಿಯ ಮೂರನೇ ಪ್ಯಾರಾದಲ್ಲಿ ಹುದುಗಿಸಬೇಡಿ.

ಜೀನ್ಸ್ ತೊಳೆಯುವ ಘಟಕಗಳ ಸುತ್ತಮುತ್ತ ನೀಲಿ ನೀರು, ನೂಲಿನ ಧೂಳು, ಉಜ್ಜುವ ಕಲ್ಲಿನ ಪುಡಿ ಚರಂಡಿಗೆ ಇಳಿದು ಗಟ್ಟಿಯಾಗಿ ಕೂಡುತ್ತದೆ. ಅದನ್ನು ಪಾಲಿಕೆಗಷ್ಟೇ ಹೇಳಿದರೆ ಸಾಲದು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಪ್ರತಿ ಕಳಿಸಿ.

ಹೊಸ ಬಡಾವಣೆಯವರು ಒಂದು ವಿಷಯ ಮುಂಚೆಯೇ ವಿಚಾರಿಸಿಕೊಳ್ಳಬೇಕು: ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯೇ? ಆಗಿಲ್ಲದಿದ್ದರೆ ಹೊಣೆ ಬಡಾವಣೆ ಮಾಡಿದವರದು, ಮತ್ತು ಕೇಳಬೇಕಾದ ಕಚೇರಿ ನಗರಾಭಿವೃದ್ಧಿ ಪ್ರಾಧಿಕಾರ. ಹಾಗೆಯೇ ಹೆದ್ದಾರಿ ಬದಿಯ ಚರಂಡಿ ಪಾಲಿಕೆಯದಲ್ಲದಿರಬಹುದು. ಬೀದಿದೀಪ ಪಾಲಿಕೆಯದು, ಕಂಬ ಮತ್ತು ತಂತಿ ವಿದ್ಯುತ್ ಕಂಪನಿ ಜೆಸ್ಕಾಂನದು (1912ಕ್ಕೆ ಕರೆ ಮಾಡಬಹುದು).

ಒಂದು ಎಚ್ಚರಿಕೆ. ಒಳಚರಂಡಿ ಗುಂಡಿ ಕಟ್ಟಿಕೊಂಡಾಗ ಯಾರನ್ನೂ ಒಳಗೆ ಇಳಿಸಬೇಡಿ, ಖಾಸಗಿಯಾಗಿ ದುಡ್ಡು ಕೊಟ್ಟು ಕರೆಸಲೂ ಬೇಡಿ. ಒಳಗಿನ ವಿಷಾನಿಲಕ್ಕೆ ಮನುಷ್ಯ ನಿಮಿಷಗಳಲ್ಲಿ ಸಾಯುತ್ತಾನೆ. ಮಲ ಬಳಿಯುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧ. ಜೋರು ಒತ್ತಡದ ನೀರಿನಿಂದ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಯಂತ್ರವನ್ನೇ ಕೇಳಿ.

ಓಣಿಯ ಸಭೆ

ಅಳತೆಯ ಹಾಳೆ ಕೈಯಲ್ಲಿದ್ದಾಗ ಮಾತ್ರ ಸಭೆ ಕರೆಯಿರಿ. ಜೀನ್ಸ್ ಹೊಲಿಗೆಗೆ ಹೋಗುವ ಹೆಣ್ಣುಮಕ್ಕಳು ಇರುವ ಓಣಿಯಲ್ಲಿ ಹಗಲು ಸಭೆಗೆ ಅರ್ಥವಿಲ್ಲ, ಅವರಿಗೆ ಅದು ಅರ್ಧ ದಿನದ ಕೂಲಿ. ರಾತ್ರಿ ಎಂಟರ ನಂತರ ಅಥವಾ ಅವರ ರಜೆಯ ದಿನ ಇಟ್ಟುಕೊಳ್ಳಿ. ಕೌಲ್ ಬಜಾರ್‌ನಂಥ ಕಡೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ವಿಷಯ ಹೇಳಬಲ್ಲವರು ಇರಲಿ. ಅರ್ಧಗಂಟೆಗೆ ಮೀರದಿರಲಿ. ಒಂದೇ ಕೆಲಸ ಆರಿಸಿ. ಹತ್ತು ಬೇಡಿಕೆಯ ಪಟ್ಟಿ ಕೊಟ್ಟರೆ ಸುಲಭದ್ದೊಂದನ್ನು ಮಾಡಿ ಉಳಿದ ಒಂಬತ್ತನ್ನು ಮುಗಿಸಿಬಿಡುತ್ತಾರೆ. ಸಹಿಗಳ ವಿಷಯದಲ್ಲೂ ಅಷ್ಟೇ: ಮನೆ ಸಂಖ್ಯೆ ಸಹಿತ ಅದೇ ಓಣಿಯ ಇಪ್ಪತ್ತು ಸಹಿ, ಎಲ್ಲೆಲ್ಲಿಂದಲೋ ತಂದ ಇನ್ನೂರಕ್ಕಿಂತ ಮೇಲು.

ಅರ್ಜಿ

ಆಯುಕ್ತರ ಹೆಸರಿಗೆ, ಒಂದೇ ಪುಟ. ಒಕ್ಕಣೆ ಹೀಗಿರಲಿ:

‘ವಾರ್ಡ್ ಸಂಖ್ಯೆ __, __ ಓಣಿಯ ಮನೆ ಸಂಖ್ಯೆ __ರಿಂದ __ರವರೆಗೆ ಎಡಬದಿಯ ತೆರೆದ ಚರಂಡಿ, ಉದ್ದ 60 ಮೀ, ಅಗಲ 0.6 ಮೀ. ಹೂಳು ಸರಾಸರಿ 0.25 ಮೀ. 40ನೇ ಮೀಟರಿನಿಂದ ತಳ ಉಲ್ಟಾ ಇದ್ದು ನೀರು ನಿಲ್ಲುತ್ತದೆ. ಅಳತೆಯ ದಿನಾಂಕ __. ಬೇಡಿಕೆ: 1. ಹೂಳು ತೆಗೆದು ಅದೇ ದಿನ ಸಾಗಿಸುವುದು. 2. ಕೊನೆಯ 20 ಮೀಟರಿನ ಮರುನಿರ್ಮಾಣಕ್ಕೆ ಸ್ಥಳ ಪರಿಶೀಲಿಸಿ ಅಂದಾಜುಪಟ್ಟಿ ತಯಾರಿಸುವುದು. ಅಳತೆ ಹಾಳೆ, ಫೋಟೋ ಲಗತ್ತಿಸಿದೆ.’

ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ಸ್ವೀಕೃತಿ ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳದೆ ಹೊರಬರಬೇಡಿ. ಕಾರ್ಪೊರೇಟರ್ ಕೈಗೆ ಕೊಟ್ಟ ಅರ್ಜಿಗೆ ಸಂಖ್ಯೆ ಇರುವುದಿಲ್ಲ. ಅವರಿಗೆ ಕೊಡಿ, ಆದರೆ ಸಂಖ್ಯೆ ಬಿದ್ದ ಅರ್ಜಿಯ ನಕಲು ಕೊಡಿ. 15 ದಿನದಲ್ಲಿ ಯಾರೂ ಬರದಿದ್ದರೆ ಆ ಸಂಖ್ಯೆ ಹೇಳಿ 1902 ಸಹಾಯವಾಣಿಯಲ್ಲಿ ದೂರು ದಾಖಲಿಸಿ.

ಮರುನಿರ್ಮಾಣದಂಥ ಕೆಲಸಕ್ಕೆ ಕಾಲವೂ ಕೂಡಿಬರಬೇಕು. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು, ಆದರೆ ಬಜೆಟ್ ತಯಾರಿ ಅದಕ್ಕೆ ತಿಂಗಳುಗಳ ಮುಂಚೆಯೇ ನಡೆಯುತ್ತದೆ. ನವೆಂಬರ್‌ನೊಳಗೆ ಅರ್ಜಿ ಒಳಗಿರಲಿ. ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆದಾಗ ಅದೇ ಸಂಖ್ಯೆ ಹಿಡಿದು ಇಬ್ಬರು ಹೋಗಿ. ಮಾರ್ಚ್‌ನಲ್ಲಿ ಕೇಳಿದರೆ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ವಾರ್ಡ್ ಸಮಿತಿ ಕೇಳಿ

ಸಂವಿಧಾನದ 243ಎಸ್ ವಿಧಿಯಂತೆ 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು. 2011ರ ಜನಗಣತಿಯಲ್ಲೇ ಬಳ್ಳಾರಿ 4 ಲಕ್ಷ ದಾಟಿತ್ತು. ಆಯಾ ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷರು, ಜತೆಗೆ ಹತ್ತು ಮಂದಿ ನಾಮನಿರ್ದೇಶಿತರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಓಣಿಯ ಸಂಘ ಕಾಗದದಲ್ಲಿ ನೋಂದಣಿ ಆಗಿರಲಿ, ವರ್ಷ ವರ್ಷ ಸಭೆಯ ನಡಾವಳಿ ಬರೆದಿಡಿ. ಸಮಿತಿಯ ಸದಸ್ಯತ್ವಕ್ಕೆ ಅರ್ಜಿ ಕರೆದಾಗ ಕೇಳುವುದು ಅದನ್ನೇ. ನಿಮ್ಮ ವಾರ್ಡಿನಲ್ಲಿ ಸಮಿತಿ ಇಲ್ಲದಿದ್ದರೆ ರಚಿಸಿ ಎಂದು ಆಯುಕ್ತರಿಗೆ ಬರೆಯಿರಿ. ಅದಕ್ಕೂ ಸ್ವೀಕೃತಿ ಸಂಖ್ಯೆ ಮರೆಯಬೇಡಿ.

ಉತ್ತರ ಬಾರದಿದ್ದರೆ

ಮಾಹಿತಿ ಹಕ್ಕು ಅರ್ಜಿ ಹಾಕಿ. ನಮೂನೆ ‘ಎ’, ಶುಲ್ಕ 10 ರೂಪಾಯಿ, ಅಂಚೆ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ದಾಖಲೆ ಇರುವುದಿಲ್ಲ. ‘ಈ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಪುಟಗಳ ನಕಲು ಕೊಡಿ’ ಎಂದು ಕೇಳಿ. ಯಾರ ಮೇಜಿನ ಮೇಲೆ ಎಷ್ಟು ದಿನ ನಿಂತಿದೆ ಎನ್ನುವುದು ಅದರಲ್ಲೇ ಬರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು.

ಕೆಲಸ ಶುರುವಾದಾಗ

ಅಂದಾಜುಪಟ್ಟಿಯ ನಕಲು ಕೈಯಲ್ಲಿಟ್ಟುಕೊಂಡು ಗೋಡೆಯ ದಪ್ಪ, ಆಳ ಅಳೆಯಿರಿ. ಕಾಂಕ್ರೀಟ್ ಹಾಕುವ ಮೊದಲು ಲೆವೆಲ್ ಪೈಪು ಹಿಡಿಯಿರಿ, ಹಾಕಿದ ಮೇಲೆ ಹಿಡಿದು ಪ್ರಯೋಜನವಿಲ್ಲ. ನಮ್ಮ ಬಿಸಿಲಿಗೆ ಹೊಸ ಕಾಂಕ್ರೀಟ್ ಮೇಲೆ ಗೋಣಿಚೀಲ ಹೊದಿಸಿ ಕನಿಷ್ಠ ಏಳು ದಿನ ಒದ್ದೆ ಇಡಬೇಕು. ಇಲ್ಲದಿದ್ದರೆ ಮೇಲ್ಮೈ ಬಿರುಕು ಬಿಟ್ಟು ಪುಡಿಪುಡಿ ಉದುರುತ್ತದೆ. ಟ್ಯಾಂಕರ್ ಬರದ ದಿನ ಓಣಿಯವರೇ ಎರಡು ಕೊಡ ಹಾಕಿದರೂ ಆಯಿತು. ಕೊನೆಗೆ, ಬಿಲ್ ಆಗುವ ಮೊದಲು, ಮೇಲಿನ ತುದಿಯಲ್ಲಿ ನಾಲ್ಕು ಬಕೆಟ್ ನೀರು ಒಮ್ಮೆಲೇ ಸುರಿದು ಹತ್ತು ನಿಮಿಷ ಬಿಟ್ಟು ನೋಡಿ. ನೀರು ಎಲ್ಲಾದರೂ ನಿಂತಿದ್ದರೆ ಆ ಜಾಗದ ಫೋಟೋ ತೆಗೆದು, ಹಳೆಯ ಸ್ವೀಕೃತಿ ಸಂಖ್ಯೆಯನ್ನೇ ಉಲ್ಲೇಖಿಸಿ, ಅಂದೇ ಎಂಜಿನಿಯರಿಗೆ ಬರೆದು ಕೊಡಿ.