ಮಗುಗೆ ಟೈಪ್ 1 ಶುಗರ್ ಅಂದಾಗ ಮನೆಯವ್ರಿಗೆ ಹೇಗೆ ಅರ್ಥ ಮಾಡಿಸೋದು

ನಮ್ಮ ಶಿರಸಿ, ಕುಮಟಾ ಕಡೆ ಮಗುಗೆ ಟೈಪ್ 1 ಅಂತ ಗೊತ್ತಾದ ಕೂಡ್ಲೇ ಬರೋ ಮೊದಲ ಮಾತು "ಸಿಹಿ ಜಾಸ್ತಿ ತಿನ್ಸಿದ್ರಿ", ಅದನ್ನೂ ಆಯಿ ತಲೆಗೇ ಕಟ್ತಾರೆ. ಇಂಜೆಕ್ಷನ್ ಕೊಡೋದು ಕಲಿಯೋಷ್ಟೇ ಮುಖ್ಯ ಇದು ಯಾಕೆ ಬಂತು ಅಂತ ಮನೆಯವ್ರಿಗೆ ತಿಳಿಸೋದು, ಇಲ್ಲಾಂದ್ರೆ ಒಂದಿನ ಯಾರೋ ಒಬ್ರು ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸೋ ಹಾರ್ಮೋನ್, ಇಂಜೆಕ್ಷನ್‌ಲಿ ಕೊಡೋದು ಇದನ್ನೇ) ನಿಲ್ಸೋಕೆ ಹೇಳೇ ಹೇಳ್ತಾರೆ.

ಅಜ್ಜ ಅಜ್ಜಿನ ಕೂರಿಸ್ಕೊಂಡು ಹೀಗೆ ಹೇಳಿ: ರಕ್ತದಲ್ಲಿ ಟಿ ಸೆಲ್ ಅಂತ ಇರ್ತವೆ, ವೈರಸ್ ಹೊಕ್ಕ ಜೀವಕೋಶ ಹುಡುಕಿ ಕೊಲ್ಲೋದು ಅವುಗಳ ಕೆಲಸ. ಇಲ್ಲಿ ಅವು ಮೇದೋಜೀರಕ ಗ್ರಂಥಿಲಿ ಇನ್ಸುಲಿನ್ ಮಾಡೋ ಬೀಟಾ ಸೆಲ್‌ಗಳ ಮೇಲೇ ಬಿದ್ದಿವೆ, ತೋಟ ಕಾಯೋಕೆ ಸಾಕಿದ ನಾಯಿ ಮನೆಯವ್ರನ್ನೇ ಕಚ್ಚಿದ ಹಾಗೆ. ಸಿಡಿ4 ಅನ್ನೋ ಗುಂಪು ಕುಮ್ಮಕ್ಕು ಕೊಡುತ್ತೆ, ಸಿಡಿ8 ಗುಂಪು ನೇರವಾಗಿ ಕೊಲ್ಲುತ್ತೆ, ಇವನ್ನ ತಡೀಬೇಕಾದ ರೆಗ್ಯುಲೇಟರಿ ಟಿ ಸೆಲ್‌ಗಳ ಕೈ ಸೋತಿರುತ್ತೆ. ಇದೆಲ್ಲ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಒಳಗೇ ನಡೆದಿರುತ್ತೆ, ಹೋದ ತಿಂಗಳು ತಿಂದ ತೊಡೆದೇವಿಗೂ ಇದಕ್ಕೂ ಸಂಬಂಧನೇ ಇಲ್ಲ.

ಇದು ಟೈಪ್ 1 ಹೌದೋ ಅಲ್ವೋ ಅಂತ ಡೌಟ್ ಇದ್ರೆ ಡಾಕ್ಟರ್ ಹತ್ರ ಜಿಎಡಿ ಆಂಟಿಬಾಡಿ ಮತ್ತೆ ಸಿ-ಪೆಪ್ಟೈಡ್ ಟೆಸ್ಟ್ ಬಗ್ಗೆ ಕೇಳಿ. ಆಂಟಿಬಾಡಿ ಅಂದ್ರೆ ದಾಳಿ ನಡೀತಿದೆ ಅನ್ನೋದಕ್ಕೆ ಸಾಕ್ಷಿ ಅಷ್ಟೇ, ಕೊಲ್ಲೋ ಕೆಲಸ ಮುಖ್ಯವಾಗಿ ಟಿ ಸೆಲ್‌ಗಳದ್ದು. ಸಿ-ಪೆಪ್ಟೈಡ್ ನೋಡಿದ್ರೆ ಸ್ವಂತ ಇನ್ಸುಲಿನ್ ಇನ್ನೂ ಎಷ್ಟು ಬರ್ತಿದೆ ಅಂತ ಅಂದಾಜು ಸಿಗುತ್ತೆ.

ಈಗ ಎಲ್ರೂ ಎಡವೋ ಜಾಗ. ಇನ್ಸುಲಿನ್ ಶುರು ಮಾಡಿ ಕೆಲವು ವಾರ ಆದ್ಮೇಲೆ ಸುಮಾರು ಮಕ್ಕಳಲ್ಲಿ ಡೋಸ್ ತುಂಬಾ ಕಮ್ಮಿ ಆಗುತ್ತೆ, ಉಳಿದ ಬೀಟಾ ಸೆಲ್‌ಗಳು ಸುಧಾರಿಸ್ಕೊಂಡು ಸ್ವಲ್ಪ ಕೆಲಸ ಮಾಡ್ತವೆ, ಇದಕ್ಕೆ ಹನಿಮೂನ್ ಪೀರಿಯಡ್ ಅಂತಾರೆ. ಸರಿಯಾಗಿ ಅದೇ ಹೊತ್ತಿಗೆ ಯಾರೋ ನಾಟಿ ಔಷಧಿ ತಂದುಕೊಟ್ಟಿರ್ತಾರೆ, ಶುಗರ್ ಇಳಿದಿದ್ದು ಅದ್ರಿಂದನೇ ಅಂತ ಎಲ್ರೂ ನಂಬ್ತಾರೆ, ಇಂಜೆಕ್ಷನ್ ನಿಲ್ಸಿಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಟಿ ಸೆಲ್‌ಗಳು ಸುಮ್ಮನಾಗಿಲ್ಲ, ಡೋಸ್ ಇಳಿಸೋದಿದ್ರೆ ಡಾಕ್ಟರ್ ಹೇಳಿದಷ್ಟೇ ಇಳಿಸಿ.

ಹೊಸ ಇನ್ಸುಲಿನ್ ಬಾಟ್ಲಿ ಫ್ರಿಜ್‌ನಲ್ಲಿ 2 ರಿಂದ 8 ಡಿಗ್ರಿಲಿ ಇರ್ಲಿ, ಫ್ರೀಜರ್ ಬೇಡ, ಹೆಪ್ಪುಗಟ್ಟಿದ್ರೆ ಬಿಸಾಡಿ. ಕರೆಂಟ್ ಹೋದಾಗ ಮಣ್ಣಿನ ಮಡಕೆ ಸಹಾಯಕ್ಕೆ ಬರುತ್ತೆ, ಆದ್ರೆ ಕಾರವಾರದ ಮೇ ತಿಂಗಳ ಸೆಕೇಲಿ ಗಾಳಿ ಪೂರ್ತಿ ತೇವ ಇರೋದ್ರಿಂದ ಬಯಲುಸೀಮೆ ಥರ ತಂಪಾಗಲ್ಲ, ಅದನ್ನೇ ನಂಬ್ಕೊಂಡು ಕೂರ್ಬೇಡಿ.

ಒಡಹುಟ್ಟಿದ ಮಕ್ಕಳಿಗೆ ಅಪಾಯ ಸ್ವಲ್ಪ ಜಾಸ್ತಿ, ಆದ್ರೆ ಹೆಚ್ಚಿನವ್ರಿಗೆ ಬರಲ್ಲ, ಬೇಕಿದ್ರೆ ಅವ್ರಿಗೂ ಆಂಟಿಬಾಡಿ ಟೆಸ್ಟ್ ಮಾಡಿಸ್ಬಹುದು. ಟಿ ಸೆಲ್‌ಗಳ ಆರ್ಭಟ ತಗ್ಗಿಸೋ ಟೆಪ್ಲಿಜುಮ್ಯಾಬ್ ಅನ್ನೋ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ರೋಗಲಕ್ಷಣ ಕಾಣೋ ಮೊದಲೇ ಕೊಟ್ರೆ ಕಾಯಿಲೆನ ಸುಮಾರು 2 ವರ್ಷ ಮುಂದೂಡುತ್ತೆ, ವಾಸಿ ಮಾಡಲ್ಲ.

ಮಗುಗೆ ವಾಂತಿ, ಹೊಟ್ಟೆನೋವು, ಜೋರುಜೋರಾಗಿ ಆಳವಾದ ಉಸಿರಾಟ, ಬಾಯಲ್ಲಿ ಹಣ್ಣಿನ ಥರ ವಾಸನೆ ಬಂದ್ರೆ ಅದು ಕೀಟೋ ಆಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರೋ ಅಪಾಯದ ಸ್ಥಿತಿ) ಇರಬಹುದು. ಬೆಳಗಿನ ಬಸ್ಸಿಗೆ ಕಾಯ್ಬೇಡಿ, ರಾತ್ರಿನೇ 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೊರಡಿ, ಹೋದ ಕೂಡ್ಲೇ ಮಗುಗೆ ಟೈಪ್ 1 ಇದೆ ಅಂತ ಹೇಳಿ.