ಸಸೂನ್ ಡಾಕ್‌ನಿಂದ ಯುರೋಪಿಗೆ ಬೊಂಡಾಸ್ ರಫ್ತು ಮಾಡುವ ಕ್ರಮ

ಮುಂಬಯಿಯ ಸಸೂನ್ ಡಾಕ್‌ನಲ್ಲೋ ಭಾವುಚಾ ಧಕ್ಕಾದಲ್ಲೋ ಮೀನು ಕೊಂಡು ಮಾರುವ ನಮ್ಮ ಕರಾವಳಿಯವರಿಗೆ ತಾಜಾ ಬೊಂಡಾಸನ್ನು (ಇಂಗ್ಲಿಷಿನ ಸ್ಕ್ವಿಡ್) ಗುರುತಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಬೊಂಡಾಸನ್ನು ಸ್ಪೇನ್, ಇಟಲಿಗಳಿಗೆ ಕಳುಹಿಸಬೇಕಾದರೆ ಬೋಟು ದಡ ಮುಟ್ಟಿದ ಹೊತ್ತಿನಿಂದಲೇ ಮಾಲಿನ ಜೊತೆಗೆ ಕಾಗದಪತ್ರವೂ ಸಾಗಬೇಕು. ಕಂಟೇನರ್ ತುಂಬಿದ ಮೇಲೆ ದಾಖಲೆ ಹುಡುಕಲು ಹೊರಟರೆ ಅದು ಕೈಗೆ ಸಿಗುವುದಿಲ್ಲ.

ಸ್ವಂತ ಕಾರ್ಖಾನೆ ಇಲ್ಲದವರೂ ವ್ಯಾಪಾರಿ ರಫ್ತುದಾರರಾಗಿ ಈ ವ್ಯವಹಾರ ಮಾಡಬಹುದು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು–ರಫ್ತು ಕೋಡ್ ಪಡೆದು, ಎಂಪೆಡಾ ಎಂದು ಕರೆಯಲಾಗುವ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡು, ಮಾಲನ್ನು ಸಂಸ್ಕರಿಸಿಕೊಡುವ ಘಟಕದೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ನವಿ ಮುಂಬಯಿ ಬಳಿಯ ತಳೋಜಾದಲ್ಲಿ ಇಂಥ ಘಟಕಗಳು ಹಲವಿವೆ. ಘಟಕದ ಹೆಸರು ಯುರೋಪ್ ಒಕ್ಕೂಟದ ಮಾನ್ಯತೆಯ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲು ನೀವೇ ನೋಡಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಪ್ರತಿ ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಆ ಘಟಕದ ಸಂಖ್ಯೆಯೇ.

ಹೆಚ್ಚು ಎಚ್ಚರ ಬೇಕಾದದ್ದು ಕ್ಯಾಚ್ ಸರ್ಟಿಫಿಕೇಟಿನ, ಅಂದರೆ ಮಾಲನ್ನು ಯಾವ ಬೋಟು ಎಲ್ಲಿ, ಯಾವಾಗ ಹಿಡಿಯಿತೆಂದು ಹೇಳುವ ಪ್ರಮಾಣಪತ್ರದ ವಿಷಯದಲ್ಲಿ. ಅಕ್ರಮ ಮೀನುಗಾರಿಕೆಯ ಮಾಲನ್ನು ತಡೆಯಲು ಯುರೋಪ್ ಒಕ್ಕೂಟವು 2010ರ ಜನವರಿ 1ರಿಂದ ಇದನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿ ಎಂಪೆಡಾ ಇದನ್ನು ದೃಢೀಕರಿಸುತ್ತದೆ. ಬೋಟಿನ ಹೆಸರು, ನೋಂದಣಿ ಸಂಖ್ಯೆ, ಮೀನುಗಾರಿಕೆ ಪರವಾನಗಿ, ಹಿಡಿದ ದಿನಾಂಕ, ತೂಕ ಇವೆಲ್ಲ ಅದರಲ್ಲಿ ಇರಬೇಕು. ಜಾತಿಯನ್ನು ಯುರೋಟ್ಯೂಥಿಸ್ ಡುವಾಸೆಲಿ ಎಂಬ ವೈಜ್ಞಾನಿಕ ಹೆಸರಿನಿಂದಲೂ, ಅರಬ್ಬಿ ಸಮುದ್ರವನ್ನು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ವಲಯ 51 ಎಂದೂ ನಮೂದಿಸಬೇಕು. ನಾಲ್ಕಾರು ಬೋಟುಗಳ ಮಾಲನ್ನು ಒಂದೇ ರಾಶಿಗೆ ಸುರಿಸಿ ಕೊಂಡರೆ ಯಾವುದು ಯಾರದ್ದೆಂದು ಹೇಳಲಾಗದು. ಆದ್ದರಿಂದ ಹರಾಜು ಮುಗಿದ ಕೂಡಲೇ ಬೋಟು ನಡೆಸುವ ತಾಂಡೇಲನಿಂದಲೋ ಮಾಲೀಕರಿಂದಲೋ ಬೋಟುವಾರು ಚೀಟಿ ಬರೆಸಿಕೊಂಡು, ಆ ಕ್ರೇಟುಗಳಿಗೆ ಗುರುತು ಹಾಕಿಸಿ.

ಎರಡನೆಯ ಅಪಾಯ ಕ್ಯಾಡ್ಮಿಯಂ ಎಂಬ ವಿಷಲೋಹ. ಒಳಾಂಗ ತೆಗೆದ ಬೊಂಡಾಸಿನಲ್ಲಿ ಕಿಲೋಗೆ 1 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರಬಾರದೆಂಬುದು ಅಲ್ಲಿನ ನಿಯಮ. ಈ ಲೋಹ ಹೆಚ್ಚಾಗಿ ಸೇರಿಕೊಳ್ಳುವುದು ಅದರ ಯಕೃತ್ತಿನಲ್ಲಿ. ಕೊಳವೆಯಂಥ ಮೈಯನ್ನು ಒಂದು ಕೈಯಲ್ಲಿ ಹಿಡಿದು ತಲೆಯನ್ನು ನಿಧಾನವಾಗಿ ಎಳೆದರೆ ಕರುಳು, ಯಕೃತ್ತು, ಶಾಯಿಯ ಚೀಲ ಒಟ್ಟಿಗೆ ಹೊರಬರುತ್ತವೆ; ಅವಸರದಿಂದ ಜಗ್ಗಿದರೆ ಯಕೃತ್ತು ಒಳಗೇ ಹರಿದು ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ, ಶಾಯಿ ಒಡೆದು ಬಿಳಿ ಮಾಂಸ ಕಪ್ಪಾಗುತ್ತದೆ. ಶುಚಿ ಮಾಡುವುದು ತಡವಾದಷ್ಟೂ ಒಳಗಿನ ದ್ರವ ಮಾಂಸಕ್ಕೆ ಇಳಿಯುವುದರಿಂದ, ಕೊಂಡ ದಿನವೇ ಮಂಜುಗಡ್ಡೆಯಲ್ಲಿಟ್ಟು ಘಟಕ ಮುಟ್ಟಿಸಿ. ಶುಚಿ ಮಾಡುವ ಹೆಂಗಸರಿಗೆ ತೂಕದ ಲೆಕ್ಕದಲ್ಲಿ ಮಾತ್ರ ಕೂಲಿ ಕೊಟ್ಟು ವೇಗವನ್ನೇ ಒತ್ತಾಯಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೂ ಹೌದು, ನಷ್ಟದ ದಾರಿಯೂ ಹೌದು.

ದರ್ಜೆ ಕಿಲೋಗೆ ಎಷ್ಟು ತುಂಡು ಎಂಬುದರ ಮೇಲೆ ನಿಂತಿದೆ. 10/20 ಎಂದರೆ ಹತ್ತರಿಂದ ಇಪ್ಪತ್ತು. ತೀರಾ ಚಿಕ್ಕವನ್ನು ಅಗ್ಗವೆಂದು ಕೊಳ್ಳಬೇಡಿ. ಬೊಂಡಾಸಿನ ಆಯುಷ್ಯವೇ ಸುಮಾರು ಒಂದು ವರ್ಷ, ಮೊಟ್ಟೆಯಿಡುವ ಮೊದಲೇ ಅದನ್ನು ಬಾಚಿಕೊಂಡರೆ ಮುಂದಿನ ಹಂಗಾಮಿಗೆ ನಮಗೇ ಮಾಲಿರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವುದರಿಂದ, ಆ ತಿಂಗಳುಗಳ ಆರ್ಡರನ್ನು ಶೀತಲಗೃಹದ ದಾಸ್ತಾನು ನೋಡಿಕೊಂಡೇ ಒಪ್ಪಿಕೊಳ್ಳಬೇಕು.

ಮಾಲಿನ ಒಳಭಾಗವೂ ಮೈನಸ್ 18 ಡಿಗ್ರಿಗೆ ಇಳಿದ ನಂತರವೇ ಪೆಟ್ಟಿಗೆ ಕಟ್ಟಬೇಕು. ಮೇಲಿನ ಹಿಮದ ಲೇಪವನ್ನು ಕಳೆದು ಉಳಿಯುವ ನಿವ್ವಳ ತೂಕವನ್ನೇ ಇನ್‌ವಾಯ್ಸ್‌ನಲ್ಲಿ ತೋರಿಸಿ; ಲೇಪದ ನೀರನ್ನು ಮಾಲೆಂದು ಮಾರಿದವರ ಬಳಿಗೆ ಖರೀದಿದಾರ ಮತ್ತೆ ಬರುವುದಿಲ್ಲ. ನ್ಹಾವಾ ಶೇವಾ ಬಂದರಿನಿಂದ ಹಡಗು ಹೊರಡುವ ಮೊದಲೇ, ಮಾಲು ತಿನ್ನಲು ಯೋಗ್ಯವೆಂದು ಹೇಳುವ ಆರೋಗ್ಯ ಪ್ರಮಾಣಪತ್ರ ಕೈಸೇರಿರಬೇಕು, ಮತ್ತು ಅದರಲ್ಲಿನ ಪೆಟ್ಟಿಗೆಗಳ ಸಂಖ್ಯೆ, ತೂಕ, ಕಂಟೇನರ್ ಹಾಗೂ ಸೀಲ್ ಸಂಖ್ಯೆಗಳನ್ನು ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಘೋಷಣೆ), ಕ್ಯಾಚ್ ಸರ್ಟಿಫಿಕೇಟ್‌ಗಳೊಂದಿಗೆ ಸಾಲುಸಾಲಾಗಿ ತಾಳೆ ನೋಡಿದ ಬಳಿಕವೇ ಪ್ರತಿಗಳನ್ನು ಖರೀದಿದಾರರಿಗೆ ಕಳುಹಿಸಿ.