ಕ್ರಿಯಾಪದಗಳ ಬೆನ್ನು ಹತ್ತಿ: ಮಾಹಿತಿ ಸಾಕ್ಷರತೆಯ ಸಂಶೋಧನಾ ಸಾಹಿತ್ಯವನ್ನು ನಾನು ಓದಿದ ಬಗೆ

ನಾನು ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡಾಗ ಆಯ್ದುಕೊಂಡ ವಿಷಯ ಪದವಿ ವಿದ್ಯಾರ್ಥಿಗಳ ಮಾಹಿತಿ ಸಾಕ್ಷರತೆ, ಸ್ಥೂಲವಾಗಿ ಹೇಳುವುದಾದರೆ ಬೇಕಾದ ಮಾಹಿತಿಯನ್ನು ಹುಡುಕಿ, ತೂಗಿನೋಡಿ, ಬಳಸಿಕೊಳ್ಳುವ ಬಲ್ಮೆ. ಪ್ರಬಂಧದ ಎರಡನೆಯ ಅಧ್ಯಾಯವಾದ ಪೂರ್ವಸಾಹಿತ್ಯ ಸಮೀಕ್ಷೆಯನ್ನು ಮೊದಲ ಸಲ ಬರೆದಾಗ, ಇಂಥವರು ಇಂಥ ವರ್ಷದಲ್ಲಿ ಹೀಗೆಂದರು, ಅನಂತರ ಇಂಥವರು ಹೀಗೆಂದರು ಎಂದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಪ್ಯಾರಾಗಳನ್ನು ಮೂವತ್ತು ಪುಟದಷ್ಟು ಪೇರಿಸಿದ್ದೆ. ಮಾರ್ಗದರ್ಶಕರು ಅದನ್ನು ಪೂರ್ತಿ ಓದಿ, 1974ರಲ್ಲಿ ಈ ಮಾತಿಗೆ ಇದ್ದ ಅರ್ಥವೇ 2016ರಲ್ಲೂ ಇದೆಯೇ ಎಂದು ಕೇಳಿದರು. ಉತ್ತರ ನನ್ನ ಮೂವತ್ತು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಅಧ್ಯಾಯವನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಓದತೊಡಗಿದ್ದು ಆ ಪ್ರಶ್ನೆಯಿಂದಾಗಿ.

ನಮ್ಮ ಗ್ರಂಥಾಲಯ ಕಂಪ್ಯೂಟರೀಕರಣಗೊಂಡ ಮೇಲೆ ಹಳೆಯ ಸೂಚಿ ಕಾರ್ಡುಗಳು ಕಪಾಟಿನ ಮೇಲೆ ಕಟ್ಟುಕಟ್ಟಾಗಿ ಉಳಿದಿದ್ದವು. ಹನ್ನೆರಡೂವರೆ ಸೆಂಟಿಮೀಟರ್ ಅಗಲದ, ಕೆಳ ಅಂಚಿನ ನಡುವೆ ಸರಳು ತೂರಿಸಲು ತೂತಿರುವ ಆ ಕಾರ್ಡುಗಳ ಹಿಂಬದಿ ಖಾಲಿಯೇ ಇತ್ತು. ಒಂದು ವ್ಯಾಖ್ಯೆಗೆ ಒಂದು ಕಾರ್ಡಿನಂತೆ ಬರೆಯುತ್ತ ಹೋದೆ. ಮೇಲ್ತುದಿಯಲ್ಲಿ ವರ್ಷ, ಅದರ ಕೆಳಗೆ ಹೇಳಿದವರ ಹೆಸರು ಮತ್ತು ಅವರು ಯಾವ ಸ್ಥಾನದಲ್ಲಿ ಕುಳಿತು ಆ ಮಾತು ಹೇಳಿದರೆಂಬುದು, ಆಮೇಲೆ ವ್ಯಾಖ್ಯೆಯಲ್ಲಿರುವ ಕ್ರಿಯಾಪದಗಳು, ಕೊನೆಗೆ ಆ ಕ್ರಿಯಾಪದಗಳ ಕರ್ತೃ ಯಾರೆಂಬುದು. ಕ್ರಿಯಾಪದಗಳನ್ನು ಕನ್ನಡದಲ್ಲೇ ಬರೆಯಬೇಕೆಂದು ಕಟ್ಟುಪಾಡು ಮಾಡಿಕೊಂಡಿದ್ದೆ. ಇಂಗ್ಲಿಷಿನ ಮಾತನ್ನು ಹಾಗೆಯೇ ಇಳಿಸಿಕೊಳ್ಳುವಾಗ ಅರ್ಥವಾದಂತೆ ಅನ್ನಿಸಿಬಿಡುತ್ತದೆ. ಕನ್ನಡದ ಕ್ರಿಯಾಪದ ಹುಡುಕಲು ಹೊರಟಾಗ ಮಾತ್ರ ಆ ಲೇಖಕ ನಿಜವಾಗಿ ಏನು ಮಾಡಬೇಕೆನ್ನುತ್ತಿದ್ದಾನೆ ಎಂಬ ಪ್ರಶ್ನೆ ಎದುರಾಗುತ್ತದೆ.

ಮೊದಲ ಕಾರ್ಡು ಎಲ್ಲರಂತೆ ಪಾಲ್ ಜುರ್ಕೋವ್‌ಸ್ಕಿಯದು. ಅವರ ಮಾತನ್ನು ನಾನು ಅದುವರೆಗೆ ಬೇರೆ ಲೇಖನಗಳಿಂದಲೇ ಉದ್ಧರಿಸಿದ್ದೆ. ಮೂಲ ವರದಿ ಶಿಕ್ಷಣ ಸಂಶೋಧನೆಯ ಆನ್‌ಲೈನ್ ಭಂಡಾರವಾದ ಅಮೆರಿಕದ ಈರಿಕ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆಂದು ತಿಳಿದ ದಿನವೇ ಇಳಿಸಿಕೊಂಡು ಓದಿದೆ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಆಯೋಗಕ್ಕೆ 1974ರಲ್ಲಿ ಸಲ್ಲಿಸಿದ ಆ ವರದಿಯನ್ನು ಬರೆದವರು ಶಿಕ್ಷಕರೂ ಅಲ್ಲ, ಗ್ರಂಥಪಾಲಕರೂ ಅಲ್ಲ. ಮಾಹಿತಿಯನ್ನು ಸಿದ್ಧಪಡಿಸಿ ಮಾರುವ ಉದ್ಯಮಗಳ ಸಂಘದ ಅಧ್ಯಕ್ಷರು. ತಮ್ಮ ಕೆಲಸಕ್ಕೆ ಮಾಹಿತಿ ಆಕರಗಳನ್ನು ಅನ್ವಯಿಸಿಕೊಳ್ಳಲು ತರಬೇತಿ ಪಡೆದವರು ಮಾಹಿತಿ ಸಾಕ್ಷರರು ಎಂಬುದು ಅವರ ವ್ಯಾಖ್ಯೆ. ಅಮೆರಿಕದ ಜನರಲ್ಲಿ ಬಹುಶಃ ಆರರಲ್ಲಿ ಒಂದು ಪಾಲು ಮಾತ್ರ ಅಂಥವರು, ಉಳಿದವರು ಓದುಬರಹ ಬಲ್ಲವರಾದರೂ ಮಾಹಿತಿಯ ಮಟ್ಟಿಗೆ ನಿರಕ್ಷರರು, 1984ರೊಳಗೆ ಎಲ್ಲರನ್ನೂ ಸಾಕ್ಷರರನ್ನಾಗಿಸುವ ರಾಷ್ಟ್ರೀಯ ಕಾರ್ಯಕ್ರಮ ಬೇಕು ಎಂದು ಅವರು ಬರೆದರು. ಅಂದರೆ ಈ ಪರಿಕಲ್ಪನೆ ಹುಟ್ಟಿದ್ದು ಕಚೇರಿಯ ಮೇಜಿನ ಮೇಲೆ, ನೌಕರನನ್ನೂ ಮಾರುಕಟ್ಟೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು. ಬೇರೆಯವರ ಉದ್ಧರಣೆಯಲ್ಲಿ ನಾನು ಓದಿದ್ದ ಎರಡು ಸಾಲಿನಲ್ಲಿ ಇದರ ಸುಳಿವೇ ಇರಲಿಲ್ಲ. ಮೂಲವನ್ನು ಓದದೆ ಯಾವ ಕಾರ್ಡನ್ನೂ ಬರೆಯಬಾರದೆಂಬ ನಿಯಮ ಅಂದಿನಿಂದ ಗಟ್ಟಿಯಾಯಿತು. ಕೆಲಸ ಒಂದೂವರೆ ವರ್ಷಕ್ಕೆ ಹಿಗ್ಗಿದ್ದಕ್ಕೂ ಅದೇ ಕಾರಣ.

ಹುಡುಕಾಟದಲ್ಲೂ ಒಂದು ತಪ್ಪು ಮಾಡಿದ್ದೆ. ‘ಇನ್ಫರ್ಮೇಷನ್ ಲಿಟರೆಸಿ’ ಎಂಬ ಪದಪುಂಜವೊಂದನ್ನೇ ಕೊಟ್ಟು ದತ್ತಸಂಚಯಗಳಲ್ಲಿ ಹುಡುಕಿದ್ದರಿಂದ, ಎಪ್ಪತ್ತರ ದಶಕದಲ್ಲಿ ಏನೂ ನಡೆದೇ ಇಲ್ಲವೆಂಬಂಥ ರೇಖಾಚಿತ್ರ ಬಂತು. ಆದರೆ ಆ ಕಾಲದ ಗ್ರಂಥಪಾಲಕರು ಇದೇ ಕೆಲಸವನ್ನು ಬಳಕೆದಾರರ ಶಿಕ್ಷಣ, ಗ್ರಂಥಾಲಯ ಬೋಧನೆ, ಬಿಬ್ಲಿಯೋಗ್ರಾಫಿಕ್ ಇನ್‌ಸ್ಟ್ರಕ್ಷನ್ ಎಂಬ ಹೆಸರುಗಳಲ್ಲಿ ಮಾಡುತ್ತಲೂ ಬರೆಯುತ್ತಲೂ ಇದ್ದರು. ಅಷ್ಟೇಕೆ, ಮದರಾಸು ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಕಟ್ಟಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಡಿಆರ್‌ಟಿಸಿ ಸ್ಥಾಪಿಸಿದ ಎಸ್‌.ಆರ್‌. ರಂಗನಾಥನ್ ಅವರು ಓದುಗರಿಗೆ ಬೇಕಾದ ಮಾಹಿತಿ ಹುಡುಕಲು ನೆರವಾಗುವ ಪರಾಮರ್ಶನ ಸೇವೆಯ ಬಗ್ಗೆ ಬರೆಯುವಾಗ, ಹೊಸದಾಗಿ ಬಂದ ವಿದ್ಯಾರ್ಥಿಗೆ ಗ್ರಂಥಾಲಯದ ದೀಕ್ಷೆ ಕೊಡುವುದನ್ನು ಆ ಸೇವೆಯ ಅಂಗವೆಂದೇ ವಿವರಿಸಿದ್ದಾರೆ. ಅವರು ತೀರಿಕೊಂಡದ್ದು 1972ರಲ್ಲಿ, ಜುರ್ಕೋವ್‌ಸ್ಕಿಯ ವರದಿಗೆ ಎರಡು ವರ್ಷ ಮುಂಚೆ. ಪದದ ಇತಿಹಾಸ ಬೇರೆ, ಕೆಲಸದ ಇತಿಹಾಸ ಬೇರೆ ಎಂಬುದು ಆಗ ಮನದಟ್ಟಾಯಿತು.

1976ರ ಕಾರ್ಡು ನನಗೆ ಬಹಳ ಪ್ರಿಯವಾದದ್ದು. ಬ್ರೂಕ್ಲಿನ್ನಿನಲ್ಲಿ ಗ್ರಂಥಪಾಲಕರಾಗಿದ್ದು, ಆಮೇಲೆ ರಾಜಕೀಯಕ್ಕೆ ಬಂದು, ಮುಂದೆ ಅಮೆರಿಕದ ಸಂಸತ್ತಿನ ಸದಸ್ಯರೂ ಆದ ಮೇಜರ್ ಓವೆನ್ಸ್, ಮಾಹಿತಿ ಆಕರಗಳುಳ್ಳ ಮತದಾರ ಅವಿಲ್ಲದವನಿಗಿಂತ ಹೆಚ್ಚು ವಿವೇಕದ ತೀರ್ಮಾನ ಮಾಡಬಲ್ಲ, ಆದ್ದರಿಂದ ಪ್ರಜಾಸತ್ತೆ ಉಳಿಯಬೇಕಾದರೆ ಮಾಹಿತಿ ಸಾಕ್ಷರತೆ ಬೇಕು ಎಂದರು. ಎರಡೇ ವರ್ಷಗಳಲ್ಲಿ ಕರ್ತೃಪದ ಬದಲಾಯಿತು: ನೌಕರನಿದ್ದ ಜಾಗಕ್ಕೆ ನಾಗರಿಕ ಬಂದ.

ಮುಂದಿನ ದೊಡ್ಡ ಕಾರ್ಡು 1989ರದು. ಪೆಟ್ರೀಷಿಯಾ ಬ್ರೀವಿಕ್ ಅಧ್ಯಕ್ಷತೆಯ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಸಮಿತಿಯ ವರದಿ ಕೊಟ್ಟ ವ್ಯಾಖ್ಯೆಯಲ್ಲಿ ನಾಲ್ಕು ಕ್ರಿಯಾಪದಗಳಿವೆ. ಮಾಹಿತಿ ಯಾವಾಗ ಬೇಕೆಂದು ಗುರುತಿಸು, ಅದನ್ನು ಪತ್ತೆಮಾಡು, ತೂಗಿನೋಡು, ಪರಿಣಾಮಕಾರಿಯಾಗಿ ಬಳಸು. ಮುಂದಿನ ಸಾಹಿತ್ಯದ ಬಹುಪಾಲು ಈ ನಾಲ್ಕರ ಮೇಲೇ ನಿಂತಿದೆ. ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘವಾದ ಎಸಿಆರ್‌ಎಲ್ 2000ದಲ್ಲಿ ಇವನ್ನು 5 ಮಾನದಂಡ, 22 ಸೂಚಕ, 87 ಫಲಿತಾಂಶಗಳಾಗಿ ಬಿಡಿಸಿಟ್ಟಿತು. ಆ ದಾಖಲೆಯನ್ನು ಹಳಿಯುವುದು ಈಗ ರೂಢಿಯಾಗಿದೆ, ನಾನು ಹಳಿಯಲಾರೆ. ಒಬ್ಬಳೇ ಸಿಬ್ಬಂದಿಯಾಗಿರುವ ಗ್ರಂಥಾಲಯದಲ್ಲಿ ಸೋಮವಾರ ಯಾವ ಪಾಠ, ಮಂಗಳವಾರ ಯಾವ ಪಾಠ ಎಂದು ನನಗೆ ಹೇಳಿಕೊಟ್ಟದ್ದು ಅದೇ. ಆದರೆ ಅದರ ಪ್ರಕಾರ ಪರೀಕ್ಷೆ ಮಾಡಿ ಪೂರ್ಣಾಂಕ ಕೊಟ್ಟ ವಿದ್ಯಾರ್ಥಿನಿಯೇ ಮರುವಾರ ತನ್ನ ಕಿರುಪ್ರಬಂಧಕ್ಕೆ ವಿಷಯ ಹಿಡಿಯಲಾರದೆ ಮೇಜಿನ ಮುಂದೆ ಕಣ್ಣೀರು ತುಂಬಿಕೊಂಡು ನಿಂತಾಗ, 87 ಫಲಿತಾಂಶಗಳಲ್ಲಿ ಯಾವುದೂ ನೆರವಿಗೆ ಬರಲಿಲ್ಲ.

ನೆರವಿಗೆ ಬಂದದ್ದು ಕ್ಯಾರಲ್ ಕೂಲ್ಥೌ. ಪ್ರೌಢಶಾಲೆಯ ವಿದ್ಯಾರ್ಥಿಗಳು ಪ್ರಬಂಧ ಬರೆಯುವುದನ್ನು ಎಂಬತ್ತರ ದಶಕದಲ್ಲಿ ಹತ್ತಿರದಿಂದ ಗಮನಿಸಲಾರಂಭಿಸಿದ ಅವರು, ಮಾಹಿತಿ ಅರಸುವ ದಾರಿಯನ್ನು ಆರು ಹಂತಗಳಾಗಿ ಗುರುತಿಸಿ, ಪ್ರತಿ ಹಂತದಲ್ಲೂ ಮನಸ್ಸಿಗೆ ಏನಾಗುತ್ತದೆಂದು ದಾಖಲಿಸಿದರು. ವಿಷಯ ಆಯ್ದುಕೊಂಡ ಸಮಾಧಾನದ ಬೆನ್ನಿಗೇ, ಅದನ್ನು ಶೋಧಿಸತೊಡಗುವ ಮೂರನೆಯ ಹಂತದಲ್ಲಿ ಗೊಂದಲವೂ ಅಳುಕೂ ಹೆಚ್ಚುತ್ತವೆ ಎಂಬುದು ಅವರ ಮುಖ್ಯ ನಿರೂಪಣೆ. ಈಗ ಕಿರುಪ್ರಬಂಧದ ತರಗತಿಯ ಮೊದಲ ದಿನವೇ, ಮೂರನೆಯ ವಾರದಲ್ಲಿ ನಿಮಗೆ ಏನೂ ತೋಚದಂತಾಗುತ್ತದೆ, ಅದು ಕೆಲಸದ ಒಂದು ಘಟ್ಟ, ಆ ದಿನ ತಪ್ಪದೆ ನನ್ನ ಬಳಿ ಬನ್ನಿ ಎಂದು ಹೇಳುತ್ತೇನೆ. ಬರುತ್ತಾರೆ ಕೂಡ.

1997ರಲ್ಲಿ ಆಸ್ಟ್ರೇಲಿಯಾದ ಕ್ರಿಸ್ಟೀನ್ ಬ್ರೂಸ್ ಪ್ರಶ್ನೆಯನ್ನೇ ತಿರುಗಿಸಿದರು. ಮಾಹಿತಿ ಸಾಕ್ಷರತೆ ಎಂದರೇನೆಂದು ತಾವೇ ವಿಧಿಸದೆ, ಉನ್ನತ ಶಿಕ್ಷಣದಲ್ಲಿರುವವರು ಅದನ್ನು ಹೇಗೆ ಅನುಭವಿಸುತ್ತಾರೆಂದು ವಿಚಾರಿಸಿ, ತಂತ್ರಜ್ಞಾನದ ಬಳಕೆಯಿಂದ ವಿವೇಕದವರೆಗೆ ಏಳು ಮುಖಗಳನ್ನು ಗುರುತಿಸಿದರು. ಈ ಕಾರ್ಡಿನಲ್ಲಿ ಕ್ರಿಯಾಪದದ ಜಾಗ ಖಾಲಿ ಉಳಿಯಿತು. ಅಲ್ಲಿದ್ದದ್ದು ಕೌಶಲವಲ್ಲ, ಸಂಬಂಧ.

ಆದರೆ ನನ್ನ ಓದನ್ನು ನಿಜವಾಗಿ ಅಲುಗಾಡಿಸಿದ್ದು ಆನ್‌ಮರೀ ಲಾಯ್ಡ್ ಅವರ ಅಧ್ಯಯನ. ಅವರು ಹೋದದ್ದು ಕಾಲೇಜಿಗಲ್ಲ, ಆಸ್ಟ್ರೇಲಿಯಾದ ಅಗ್ನಿಶಾಮಕ ಸಿಬ್ಬಂದಿಯ ಬಳಿಗೆ. ಹೊಸಬನಿಗೆ ಕೈಪಿಡಿ ಕಲಿಸುವುದು ಒಂದಿಷ್ಟು. ಹಳಬರ ಮಾತು, ಅವರು ಹೇಳುವ ಕಥೆಗಳು ಕಲಿಸುವುದು ಇನ್ನಷ್ಟು. ಶಾಖ, ಹೊಗೆ, ಸದ್ದುಗಳನ್ನು ಮೈಯೇ ಓದಿಕೊಳ್ಳುವುದು ಮತ್ತೊಂದಿಷ್ಟು. ಈ ಮೂರೂ ಕೂಡಿದಾಗಲೇ ಅವನು ಆ ಕಸುಬಿನಲ್ಲಿ ಮಾಹಿತಿ ಬಲ್ಲವನಾಗುತ್ತಾನೆ ಎಂದು ಅವರು ತೋರಿಸಿದರು. ಇದನ್ನು ಓದಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ, ಊರಿನ ಮನೆಯ ಜಗಲಿಯಲ್ಲಿ. ಅಂಗಳದಲ್ಲಿ ಅಪ್ಪ ಅಡಿಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುತ್ತಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಲಾಖೆಯ ಕರಪತ್ರದಲ್ಲೂ ಇದೆ. ಅಪ್ಪ ಅಳತೆಯಂತೆ ಬೆರೆಸಿ, ಸೊಂಟದ ಕತ್ತಿ ತೆಗೆದು ಅದರ ಅಲಗನ್ನು ದ್ರಾವಣದಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬೆಳಕಿಗೆ ಹಿಡಿದರು. ಅಲಗಿನ ಮೇಲೆ ತಾಮ್ರದ ಕೆಂಪು ತೆಳ್ಳಗೆ ಕೂತಿತ್ತು. ಸುಣ್ಣ ಹಳತಾಗಿರಬೇಕು ಎನ್ನುತ್ತ ಮತ್ತೆರಡು ಬೊಗಸೆ ಸುಣ್ಣದ ತಿಳಿ ಹೊಯ್ದು ಕಲಕಿದರು. ಎರಡನೆಯ ಸಲ ಅಲಗು ಕೆಂಪಿಲ್ಲದೆ ಬಂತು. ಕತ್ತಿಯ ಪರೀಕ್ಷೆ ಅವರಿಗೆ ಗೊತ್ತಾದದ್ದು ಪಕ್ಕದ ತೋಟದ ಹಿರಿಯರಿಂದ. ಆ ಸುಣ್ಣ ಹಳತೆಂದು ತಿಳಿಸಿದ್ದು ಅಪ್ಪನ ಕೈ. ಮದ್ದು ಹೊಡೆಯಲು ಮಳೆಯ ನಡುವಿನ ಯಾವ ಬಿಡುವು ಸಾಲುತ್ತದೆಂದು ಹೇಳಬೇಕಾದವನು ಮರ ಹತ್ತುವ ಕೊನೆಗಾರ. ಜುರ್ಕೋವ್‌ಸ್ಕಿಯ ಲೆಕ್ಕದಲ್ಲಿ ಅಪ್ಪನೂ ಕೊನೆಗಾರನೂ ಉಳಿದ ಐದು ಪಾಲಿನವರು. ಲಾಯ್ಡ್ ಅವರ ಕಾರ್ಡಿನ ಕರ್ತೃವಿನ ಜಾಗದಲ್ಲಿ ಅಂದು ನಾನು ಬಹುವಚನ ಬರೆದೆ: ಒಂದು ಕಸುಬಿನ ಜನ.

‘ಸಾಕ್ಷರತೆ’ ಎಂಬ ಕನ್ನಡ ಪದವೂ ನನ್ನನ್ನು ಕಾಡತೊಡಗಿದ್ದು ಅಲ್ಲಿಂದಲೇ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನವನ್ನು ಕಂಡ ನಮ್ಮ ತಲೆಮಾರಿಗೆ ಆ ಪದ ಕೇಳಿದೊಡನೆ ಸಾಕ್ಷರ, ಅನಕ್ಷರಸ್ಥ ಎಂಬ ಎರಡು ಪಂಕ್ತಿ ಕಣ್ಣ ಮುಂದೆ ಬರುತ್ತದೆ, ನಡುವೆ ಜಾಗವಿಲ್ಲ. 1974ರ ವ್ಯಾಖ್ಯೆಗೆ ಈ ಪದ ಹೇಳಿ ಮಾಡಿಸಿದಂತಿದೆ, ಲಾಯ್ಡ್ ಅವರ ಅರ್ಥವನ್ನು ಅದು ಹೊರಲಾರದು. ಬೇರೆ ಪದ ಟಂಕಿಸುವ ಯೋಚನೆ ಬಂದಿತ್ತು. ರೂಢಿಯಲ್ಲಿರುವುದನ್ನು ಕದಲಿಸದೆ, ಅಧ್ಯಾಯದ ಆರಂಭದಲ್ಲೇ ಈ ಇಕ್ಕಟ್ಟನ್ನು ಒಂದು ಪುಟದಷ್ಟು ವಿವರಿಸಿದೆ.

2006ರಲ್ಲಿ ಜೇಮ್ಸ್ ಎಲ್ಮ್‌ಬೋರ್ಗ್ ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆಯ ಚಿಂತನೆಯನ್ನು ಆಧರಿಸಿ, ಜ್ಞಾನವೆಂದು ಯಾವುದು ಅಂಗೀಕೃತವಾಗುತ್ತದೆ, ಅದನ್ನು ತೀರ್ಮಾನಿಸುವವರು ಯಾರು ಎಂಬ ವಿಮರ್ಶೆಯನ್ನು ಗ್ರಂಥಪಾಲಕರ ಮುಂದಿಟ್ಟರು. 2011ರಲ್ಲಿ ಥಾಮಸ್ ಮ್ಯಾಕಿ ಮತ್ತು ಟ್ರೂಡಿ ಜೇಕಬ್‌ಸನ್ ‘ಮೆಟಾಲಿಟರೆಸಿ’ ಎಂಬ ಹೆಸರಿನಲ್ಲಿ, ಎಲ್ಲರೂ ಮಾಹಿತಿಯನ್ನು ಸೃಷ್ಟಿಸಿ ಹಂಚುವ ಕಾಲಕ್ಕೆ ಪರಿಕಲ್ಪನೆಯನ್ನು ಹಿಗ್ಗಿಸಿದರು. ಈ ಎಳೆಗಳ ಗುರುತು ಎಸಿಆರ್‌ಎಲ್‌ನ ಹೊಸ ಚೌಕಟ್ಟಿನಲ್ಲಿ ಕಾಣುತ್ತದೆ. 2016ರಲ್ಲಿ ಅದು ಅಂಗೀಕಾರವಾಗಿ, ಅದೇ ವರ್ಷ 2000ದ ಮಾನದಂಡಗಳನ್ನು ಕೈಬಿಡಲಾಯಿತು. 87 ಫಲಿತಾಂಶಗಳ ಜಾಗಕ್ಕೆ ಆರು ಪರಿಕಲ್ಪನೆಗಳು ಬಂದವು. ಪಾಂಡಿತ್ಯವೆಂದರೆ ನಡೆಯುತ್ತಿರುವ ಸಂವಾದ, ಅಧಿಕೃತತೆ ಸಂದರ್ಭವನ್ನು ಅವಲಂಬಿಸಿದ್ದು ಎಂಬಂಥವು ಅವು. ಅಳೆಯಲು ಆಗದೆಂಬ ಆಕ್ಷೇಪ ಬಂತು, ಅದರಲ್ಲಿ ಸತ್ಯವೂ ಇದೆ. ಹೊಸ ಕಾರ್ಡಿನ ಕ್ರಿಯಾಪದಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯದು: ಕಲಿಯುವ ಸಮುದಾಯಗಳಲ್ಲಿ ನೈತಿಕವಾಗಿ ‘ಪಾಲ್ಗೊಳ್ಳು’. 1989ರ ನಾಲ್ಕರಲ್ಲಿ ಇದು ಇರಲಿಲ್ಲ.

ಒಂದು ಕಾರ್ಡು ಮಾತ್ರ ನಮ್ಮ ಕ್ಷೇತ್ರದ ಹೊರಗಿನಿಂದ ಬಂತು. ಜಾಲತಾಣವೊಂದನ್ನು ನಂಬಬಹುದೇ ಎಂದು ತಿಳಿಯಲು ಲೇಖಕ, ದಿನಾಂಕ, ಉದ್ದೇಶ ಇತ್ಯಾದಿಗಳ ಪರಿಶೀಲನಾ ಪಟ್ಟಿಯನ್ನು ನಾನು ಹಲವು ವರ್ಷ ಕಲಿಸಿದ್ದೆ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು (ಸುದ್ದಿಯ ನಿಜಾನಿಜ ಪರಿಶೀಲಿಸುವ ಫ್ಯಾಕ್ಟ್ ಚೆಕರ್‌ಗಳು) ಮತ್ತು 25 ವಿದ್ಯಾರ್ಥಿಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಗಮನಿಸಿದಾಗ, ಪುಟವನ್ನು ಮೇಲಿನಿಂದ ಕೆಳಗೆ ಓದುತ್ತ ಕೂತ ವಿದ್ವಾಂಸರೂ ಚೆಂದದ ಲಾಂಛನ ಮತ್ತು ವಿಳಾಸಕ್ಕೆ ಮೋಸಹೋದದ್ದು ಕಂಡಿತು. ಸತ್ಯಶೋಧಕರು ಬೇಗನೆ ಆ ಪುಟ ಬಿಟ್ಟು, ಹೊಸ ಕಿಂಡಿಗಳನ್ನು ತೆರೆದು, ಆ ತಾಣದ ಬಗ್ಗೆ ಬೇರೆಯವರು ಏನೆನ್ನುತ್ತಾರೆಂದು ನೋಡಿದರು. ‘ತೂಗಿನೋಡು’ ಎಂಬ ಅದೇ 1989ರ ಕ್ರಿಯಾಪದ, ಆದರೆ ತಕ್ಕಡಿ ಬೇರೆ ಕಡೆ ಇದೆ. ನನ್ನ ಪಟ್ಟಿಯ ಪ್ರತಿಗಳನ್ನು ಗೋಡೆಯಿಂದ ತೆಗೆದುಬಿಟ್ಟೆ.

ಎರಡನೆಯ ಅಧ್ಯಾಯವನ್ನು ಕೊನೆಗೆ ವರ್ಷಾನುಕ್ರಮದಲ್ಲಿ ಬರೆಯದೆ, ಕರ್ತೃವಿನ ಪ್ರಕಾರ ಕಾರ್ಡುಗಳನ್ನು ವಿಂಗಡಿಸಿ ಬರೆದೆ. ನೌಕರ, ನಾಗರಿಕ, ವಿದ್ಯಾರ್ಥಿ, ಕಸುಬಿನ ಜನ ಎಂಬ ನಾಲ್ಕು ಕಟ್ಟುಗಳಾದವು. ವಿದ್ಯಾರ್ಥಿಯ ಕಟ್ಟು ಉಳಿದ ಮೂರನ್ನು ಕೂಡಿಸಿದರೂ ಅದಕ್ಕಿಂತ ದಪ್ಪವಾಗಿದೆ. ನಾಲ್ಕನೆಯದರಲ್ಲಿ ಇರುವುದು ಹನ್ನೊಂದು ಕಾರ್ಡು. ಅದಕ್ಕೆ ಸೇರಿಸಲೆಂದು ಬರುವ ಮಳೆಗಾಲದಲ್ಲಿ ನಮ್ಮೂರಿನ ಕೊನೆಗಾರರನ್ನು ಮಾತನಾಡಿಸಲು ಅಪ್ಪನ ಜೊತೆ ತೋಟಕ್ಕೆ ಹೋಗಲಿದ್ದೇನೆ.